ಚಕ್ರವರ್ತಿಯ ಹೆಗಲ ಹಿಂದಿನ ಸೂರ್ಯ

(ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದ ಸಭಾಂಗಣದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಹಬ್ಬದಲ್ಲಿ ನಾಣ್ಯವೊಂದರ ಕಥೆಯನ್ನು ಹೇಳಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ದೇವಾಲಯಕ್ಕೂ ನಾಣ್ಯಕ್ಕೂ ಇರುವ ಸಂಬಂಧ ಕಾಣಿಕೆಯ ಪೆಟ್ಟಿಗೆಯೊಂದೇ ಎಂದು ಯಾರಾದರೂ ನಕ್ಕರೆ ನಾವು ಬೇಸರಪಡುವುದಿಲ್ಲ. ಆದರೆ ಯೇಸುಸ್ವಾಮಿಯವರು ಕೂಡ ಒಮ್ಮೆ ದೇವಾಲಯದ ಆವರಣದಲ್ಲಿ ನಿಂತು, ತಮ್ಮನ್ನು ಮಾತಿನಲ್ಲಿ ಸಿಕ್ಕಿಸಬಂದವರಿಂದ ನಾಣ್ಯವೊಂದನ್ನು ತರಿಸಿಕೊಂಡು, ಇದರ ಮೇಲಿರುವ ಮುಖ ಯಾರದು ಎಂದು ಕೇಳಿದರೆಂಬುದನ್ನು ಶುಭಸಂದೇಶದಲ್ಲಿ ಓದಿದ್ದೇವೆ. ಅಂದು ಅವರು ಕೇಳಿದ ಪ್ರಶ್ನೆಯನ್ನೇ ನಾವು ಇಂದು ಇನ್ನೊಂದು ನಾಣ್ಯದ ಮುಂದೆ ನಿಂತು ಕೇಳಿಕೊಳ್ಳಲಿದ್ದೇವೆ. ಅದರ ಮೇಲಿರುವುದು ಒಂದು ಮುಖವಲ್ಲ, ಎರಡು. ನಮ್ಮ ಉಪನ್ಯಾಸಕ್ಕೆ ಕಾರಣವಾದದ್ದು ಆ ಎರಡನೆಯ ಮುಖವೇ.

ಆ ನಾಣ್ಯ ಈಗ ಪ್ಯಾರಿಸ್ ನಗರದಲ್ಲಿದೆ. ಫ್ರಾನ್ಸ್ ದೇಶದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದ ನಾಣ್ಯ ಮತ್ತು ಪದಕಗಳ ವಿಭಾಗದಲ್ಲಿ ಅದನ್ನು ಕಾಪಾಡಿಕೊಂಡು ಬರಲಾಗಿದೆ. ನಾವು ಅದನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಅಚ್ಚಾದ ಚಿತ್ರಗಳಿಂದ ಮಾತ್ರ ಬಲ್ಲೆವು. ಆದರೂ ಅದರ ಚಿತ್ರವನ್ನು ಮೊದಲು ಕಂಡ ದಿನ ನಮ್ಮ ಮನಸ್ಸಿಗೆ ಆದ ಕಸಿವಿಸಿಯನ್ನು ಮರೆಯಲಾರೆವು. ಏಕೆಂದರೆ ಅದರ ಮೇಲಿರುವ ಮೊದಲನೆಯ ಮುಖ ನಮ್ಮ ಜ್ಞಾನೋಪದೇಶದ ತರಗತಿಯಿಂದಲೂ ನಮಗೆ ಪರಿಚಿತನಾದ ಚಕ್ರವರ್ತಿ ಕಾನ್‌ಸ್ಟಂಟೈನನದು. ಶಿಲುಬೆಯ ಗುರುತನ್ನು ಕಂಡು ಯುದ್ಧವನ್ನು ಗೆದ್ದವನು, ಮೂರು ಶತಮಾನಗಳ ಹಿಂಸೆಯಿಂದ ಧರ್ಮಸಭೆಯನ್ನು ಬಿಡುಗಡೆಮಾಡಿದವನು, ಸಂತ ಹೆಲೆನಾಳ ಮಗ. ಇಂಥವನ ಹೆಗಲ ಹಿಂದೆ, ಅವನ ಕೆನ್ನೆಗೆ ಕೆನ್ನೆ ತಾಗಿಸಿಕೊಂಡಂತೆ ನಿಂತಿರುವವನು ಯಾರು? ರೋಮನರು ಪೂಜಿಸುತ್ತಿದ್ದ ಸೂರ್ಯದೇವತೆ!

ನಾಣ್ಯವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಇದು ಪೇಟೆಯಲ್ಲಿ ಕೊಟ್ಟು ಕೊಳ್ಳಲು ಮಾಡಿದ ಸಾಮಾನ್ಯ ನಾಣ್ಯವಲ್ಲ. ವಿಶೇಷ ಸಂದರ್ಭಗಳಲ್ಲಿ ಸೇನಾಪತಿಗಳಿಗೂ ದೊಡ್ಡ ಅಧಿಕಾರಿಗಳಿಗೂ ಉಡುಗೊರೆಯಾಗಿ ಕೊಡಲು ಹೊಡೆಯಿಸುತ್ತಿದ್ದ ಪದಕನಾಣ್ಯ. ಅಚ್ಚ ಬಂಗಾರದ್ದು, ಅಂದಿನ ಒಂಬತ್ತು ಬಂಗಾರದ ನಾಣ್ಯಗಳಿಗೆ ಸಮನಾದದ್ದು. ತೂಕ ಸುಮಾರು 40 ಗ್ರಾಂ, ಅಂದರೆ ನಮ್ಮ ಹೆಂಗಸರ ಲೆಕ್ಕದಲ್ಲಿ ಐದು ಪವನು. ಇಟಲಿಯ ಟಿಸಿನಮ್ ಎಂಬ ಊರಿನ ಟಂಕಸಾಲೆಯಲ್ಲಿ ಕ್ರಿ.ಶ. 313ರಲ್ಲಿ ಇದನ್ನು ಹೊಡೆಯಲಾಯಿತು. ಆ ಊರನ್ನು ಈಗ ಪವಿಯಾ ಎನ್ನುತ್ತಾರೆ. ಮಿಲಾನ್ ನಗರಕ್ಕೆ ದಕ್ಷಿಣದಲ್ಲಿ, ಬಹು ದೂರವಲ್ಲದ ಸ್ಥಳ.

ಮುಮ್ಮುಖದಲ್ಲಿ ಇಬ್ಬರೂ ಎಡಗಡೆಗೆ ನೋಡುತ್ತಿದ್ದಾರೆ. ಮುಂದಿನವನು ಕಾನ್‌ಸ್ಟಂಟೈನ್. ತಲೆಯ ಮೇಲೆ ಎಲೆಗಳ ಜಯಮಾಲೆ, ಕೈಯಲ್ಲಿ ಈಟಿ, ಎದೆಯ ಬಳಿ ಗುರಾಣಿ. ಆ ಗುರಾಣಿಯ ಮೇಲೆ ಬಹು ಸೂಕ್ಷ್ಮವಾಗಿ ನಾಲ್ಕು ಕುದುರೆಗಳ ರಥ. ರಥದಲ್ಲಿ ಮತ್ತೆ ಸೂರ್ಯ. ಹಿಂದಿನಿಂದ ಇಣುಕುವ ಎರಡನೆಯ ಮುಖಕ್ಕೆ ಮೊನಚು ಕಿರಣಗಳ ಕಿರೀಟ. ಎರಡು ಮುಖಗಳೂ ಅಣ್ಣತಮ್ಮಂದಿರಂತೆ ಒಂದೇ ಹೋಲಿಕೆ, ಒಂದೇ ಮೂಗು, ಒಂದೇ ಗಲ್ಲ. ಸುತ್ತಲಿನ ಲ್ಯಾಟಿನ್ ಬರಹ ಅಜೇಯನಾದ ಕಾನ್‌ಸ್ಟಂಟೈನ್, ಮಹಾನ್ ಚಕ್ರವರ್ತಿ ಎಂದು ಸಾರುತ್ತದೆ. ಅಜೇಯ ಎಂಬುದು ಅಂದು ಸೂರ್ಯದೇವತೆಯ ಬಿರುದು. ದೇವತೆಯ ಬಿರುದನ್ನು ಚಕ್ರವರ್ತಿಯು ತನ್ನ ಹೆಸರಿಗೆ ಸೇರಿಸಿಕೊಂಡಿದ್ದಾನೆ. ನಾಣ್ಯದ ಹಿಂಬದಿಯಲ್ಲಿ ಅವನು ಕುದುರೆಯೇರಿ ಬಲಗೈಯೆತ್ತಿ ಬರುತ್ತಿದ್ದಾನೆ. ಮುಂದೆ ಹಾರವನ್ನು ಹಿಡಿದ ವಿಜಯದೇವತೆ, ಹಿಂದೆ ಧ್ವಜ ಹೊತ್ತ ಸೈನಿಕ. ನಮ್ಮ ಚಕ್ರವರ್ತಿಗಳ ಶುಭಾಗಮನ ಎಂದು ಅಲ್ಲಿ ಬರೆದಿದೆ. ಚಕ್ರವರ್ತಿಗಳು ಎಂಬ ಬಹುವಚನವನ್ನು ಗಮನಿಸಬೇಕು. ಕಾನ್‌ಸ್ಟಂಟೈನನ ಜೊತೆಗೆ ಲಿಸಿನಿಯಸನೂ ಆಗ ಚಕ್ರವರ್ತಿಯಾಗಿದ್ದ. ಅವರಿಬ್ಬರೂ 313ನೆಯ ವರ್ಷದ ಆರಂಭದಲ್ಲಿ ಮಿಲಾನಿನಲ್ಲಿ ಭೇಟಿಯಾದರು.

ಮಿಲಾನ್, 313! ಈ ಊರೂ ಈ ವರ್ಷವೂ ಯಾವ ಕ್ರೈಸ್ತನಿಗೆ ಮರೆತೀತು? ಕ್ರೈಸ್ತರಿಗೂ ಉಳಿದೆಲ್ಲರಿಗೂ ತಮ್ಮ ತಮ್ಮ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯವಿರಬೇಕು, ಕಸಿದುಕೊಂಡ ಪ್ರಾರ್ಥನಾ ಸ್ಥಳಗಳನ್ನೂ ಆಸ್ತಿಯನ್ನೂ ಬೆಲೆ ಕೇಳದೆ ಹಿಂದಿರುಗಿಸಬೇಕು ಎಂದು ಆ ಇಬ್ಬರು ಅಲ್ಲಿಯೇ ಒಪ್ಪಿದರು. ಹತ್ತು ವರ್ಷದ ಹಿಂದೆ, 303ರ ಫೆಬ್ರವರಿ 23ರಂದು, ಚಕ್ರವರ್ತಿ ಡಯೋಕ್ಲಿಷಿಯನ್ ನಿಕೊಮೇಡಿಯ ನಗರದ ದೇವಾಲಯವನ್ನು ನೆಲಸಮಮಾಡಿಸಿ ಆರಂಭಿಸಿದ ಘೋರ ಹಿಂಸೆಯಲ್ಲಿ ಪವಿತ್ರ ಗ್ರಂಥಗಳು ಬೆಂಕಿಗೆ ಬಿದ್ದಿದ್ದವು, ಅಸಂಖ್ಯ ವೇದಸಾಕ್ಷಿಗಳು ಪ್ರಾಣತೆತ್ತಿದ್ದರು. ಅದೆಲ್ಲಕ್ಕೂ ತೆರೆ ಎಳೆದ ಆ ಒಪ್ಪಂದದ ವರ್ಷದಲ್ಲೇ, ಆ ಊರಿನ ನೆರೆಯಲ್ಲೇ, ಬಿಡುಗಡೆ ಕೊಟ್ಟ ಆ ಕೈಯ ಹೆಸರಿನಲ್ಲೇ ಈ ಬಂಗಾರದ ನಾಣ್ಯ ಹೊರಬಂದಿತು. ಅದರಲ್ಲಿ ಶಿಲುಬೆಯಿಲ್ಲ. ಸೂರ್ಯನಿದ್ದಾನೆ.

ಇದನ್ನು ಕಂಡು ನಾವು ಏನೆನ್ನಬೇಕು? ಎರಡು ಉತ್ತರಗಳು ಸುಲಭವಾಗಿ ನಾಲಗೆಗೆ ಬರುತ್ತವೆ. ಕಾನ್‌ಸ್ಟಂಟೈನ್ ಕಪಟಿ, ರಾಜಕೀಯದ ಲಾಭಕ್ಕಾಗಿ ಕ್ರಿಸ್ತರ ಹೆಸರನ್ನು ಬಳಸಿಕೊಂಡವನು ಎಂಬುದು ಒಂದು. ಟಂಕಸಾಲೆಯವರು ಹಳೆಯ ರೂಢಿಯಂತೆ ಅಚ್ಚು ಮಾಡಿದರು, ಚಕ್ರವರ್ತಿಗೆ ಅದು ತಿಳಿಯದು ಎಂಬುದು ಇನ್ನೊಂದು. ಮೊದಲನೆಯದು ನಿಂದಕರ ಉತ್ತರ, ಎರಡನೆಯದು ಭಕ್ತರ ಉತ್ತರ. ಎರಡೂ ನಮಗೆ ಒಪ್ಪಿಗೆಯಾಗಲಿಲ್ಲ. ಒಂಬತ್ತು ನಾಣ್ಯಗಳ ಬಂಗಾರವನ್ನು ಕರಗಿಸಿ ಚಕ್ರವರ್ತಿಯ ಮುಖವನ್ನು ಕೆತ್ತುವಾಗ ಅವನ ಮನಸ್ಸಿಗೆ ವಿರುದ್ಧವಾದುದನ್ನು ಕೆತ್ತುವ ಧೈರ್ಯ ಯಾವ ಕಮ್ಮಟದವನಿಗಿದ್ದೀತು? ಇನ್ನು ಕಪಟಿಯೆಂಬ ಮಾತು ನಿಲ್ಲುವುದೋ ಇಲ್ಲವೋ ಎಂಬುದನ್ನು ಅವನ ಬಾಳನ್ನು ನೋಡಿಯೇ ಹೇಳಬೇಕು.

ಕಾನ್‌ಸ್ಟಂಟೈನ್ ಹುಟ್ಟಿದ್ದು ಇಂದಿನ ಸೆರ್ಬಿಯ ದೇಶದ ನಿಶ್ ಎಂಬ ಊರಿನಲ್ಲಿ, ಸುಮಾರು 272ರಲ್ಲಿ. ತಂದೆ ಕಾನ್‌ಸ್ಟಾಂಟಿಯಸ್ ಸೇನಾಧಿಕಾರಿ, ಮುಂದೆ ಚಕ್ರವರ್ತಿಯಾದವನು. ತಾಯಿ ಹೆಲೆನಾ ಬಡ ಮನೆತನದವಳು. ಆಕೆ ಪ್ರಯಾಣಿಕರ ಛತ್ರದಲ್ಲಿ ಕೆಲಸಮಾಡಿದವಳೆಂದು ಸಂತ ಅಂಬ್ರೋಸರು ಗೌರವದಿಂದಲೇ ಹೇಳಿದ್ದಾರೆ. ಪದವಿ ಏರುತ್ತಿದ್ದ ಗಂಡ ಆಕೆಯನ್ನು ಬಿಟ್ಟು ರಾಜಕುಲದ ಹೆಣ್ಣನ್ನು ಮದುವೆಯಾದ. 306ರ ಜುಲೈ 25ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ತಂದೆ ತೀರಿಕೊಂಡಾಗ ಸೈನಿಕರು ಮಗನನ್ನು ಚಕ್ರವರ್ತಿಯೆಂದು ಕೂಗಿದರು.

ಅಂದಿನ ಸೈನಿಕರ ನೆಚ್ಚಿನ ದೇವತೆ ಅಜೇಯ ಸೂರ್ಯ. ಚಕ್ರವರ್ತಿ ಆರೇಲಿಯನ್ 274ರಲ್ಲಿ ರೋಮಿನಲ್ಲಿ ಆ ದೇವತೆಗೆ ಭವ್ಯವಾದ ಗುಡಿಯನ್ನು ಕಟ್ಟಿಸಿದ್ದ. ಕಾನ್‌ಸ್ಟಂಟೈನನೂ ಆ ಬೆಳಕಿನಲ್ಲಿಯೇ ಬೆಳೆದವನು. 310ರಲ್ಲಿ ಒಬ್ಬ ಭಟ್ಟಂಗಿಯು ಅವನ ಮುಂದೆಯೇ ಮಾಡಿದ ಸ್ತುತಿಭಾಷಣ ಉಳಿದುಬಂದಿದೆ. ಗಾಲ್ ದೇಶದ ಗುಡಿಯೊಂದರಲ್ಲಿ ಅಪೊಲೊ ದೇವತೆ ಚಕ್ರವರ್ತಿಗೆ ದರ್ಶನವಿತ್ತು ಜಯಮಾಲೆಯನ್ನು ನೀಡಿದನೆಂದು ಅದರಲ್ಲಿ ಹೇಳಿದೆ. ಹೀಗೆ ಆಕಾಶದ ಕಡೆಗೆ ನೋಡುತ್ತಿದ್ದ ಮನುಷ್ಯನಿಗೆ ಎರಡು ವರ್ಷದ ಮೇಲೆ ಇನ್ನೊಂದು ದರ್ಶನವಾಯಿತು. 312ರ ಅಕ್ಟೋಬರ್ 28ರಂದು ರೋಮಿನ ಹೊರಗೆ, ಟೈಬರ್ ನದಿಯ ಮಿಲ್ವಿಯನ್ ಸೇತುವೆಯ ಬಳಿ ಅವನು ಎದುರಾಳಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿದ. ಯುದ್ಧದ ಮುನ್ನ ಕನಸಿನಲ್ಲಿ ಬಂದ ಅಪ್ಪಣೆಯಂತೆ ಸೈನಿಕರ ಗುರಾಣಿಗಳ ಮೇಲೆ ಕ್ರಿಸ್ತರ ಗುರುತನ್ನು ಬರೆಯಿಸಿದನೆಂದು ಅವನ ಸಮಕಾಲೀನ ಲಕ್ಟಾಂಟಿಯಸ್ ಬರೆದಿದ್ದಾನೆ. ಸೆಸರೇಯದ ಧರ್ಮಾಧ್ಯಕ್ಷ ಯುಸೇಬಿಯರು ಚಕ್ರವರ್ತಿಯ ಬಾಯಿಯಿಂದಲೇ ಕೇಳಿದುದೆಂದು ಹೇಳುವ ವೃತ್ತಾಂತ ಇನ್ನೂ ವಿಶೇಷವಾದುದು. ಮಧ್ಯಾಹ್ನ ಕಳೆದ ಹೊತ್ತಿನಲ್ಲಿ, ಸೂರ್ಯನ ಮೇಲ್ಗಡೆ, ಬೆಳಕಿನ ಶಿಲುಬೆಯೊಂದು ಕಾಣಿಸಿತಂತೆ.

ಸೂರ್ಯನ ಮೇಲ್ಗಡೆ ಎಂಬ ಮಾತು ಮುಖ್ಯವೆಂದು ನಮಗೆ ತೋರುತ್ತದೆ. ದೇವರು ಅವನನ್ನು ಕರೆದದ್ದು ಅವನು ಆಗಲೇ ಕಣ್ಣಿಟ್ಟಿದ್ದ ದಿಕ್ಕಿನಿಂದಲೇ. ಪೂರ್ವದ ಜ್ಞಾನಿಗಳನ್ನು ನಕ್ಷತ್ರದಿಂದ ಕರೆದ ಹಾಗೆ, ಪೇತ್ರನನ್ನು ಬಲೆಯಿಂದ ಕರೆದ ಹಾಗೆ. ಆದರೆ ಕರೆದ ಮಾತ್ರಕ್ಕೆ ಕಣ್ಣು ಪೂರ್ತಿ ತೆರೆಯುವುದಿಲ್ಲ. ಯೇಸುಸ್ವಾಮಿಯವರು ಬೆತ್ಸಾಯಿದದ ಕುರುಡನನ್ನು ಮುಟ್ಟಿದಾಗ ಅವನಿಗೆ ಮೊದಲು ಮನುಷ್ಯರು ನಡೆದಾಡುವ ಮರಗಳಂತೆ ಕಂಡರೆಂದೂ, ಎರಡನೆಯ ಸಲ ಮುಟ್ಟಿದ ಮೇಲೆಯೇ ಎಲ್ಲವೂ ನಿಚ್ಚಳವಾಯಿತೆಂದೂ ಸಂತ ಮಾರ್ಕನು ತಿಳಿಸುತ್ತಾನೆ. ನಮ್ಮ ಬಂಗಾರದ ನಾಣ್ಯ ಮೊದಲ ಸ್ಪರ್ಶಕ್ಕೂ ಎರಡನೆಯ ಸ್ಪರ್ಶಕ್ಕೂ ನಡುವಿನ ಹೊತ್ತಿನದು.

ಇದು ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ಮುಂದಿನ ನಾಣ್ಯಗಳೇ ಸಾಕ್ಷಿ. 315ರಲ್ಲಿ ಅದೇ ಟಿಸಿನಮ್ ಟಂಕಸಾಲೆಯದೆಂದು ತಜ್ಞರು ಗುರುತಿಸುವ ಬೆಳ್ಳಿಯ ಪದಕವೊಂದಿದೆ. ಅದರಲ್ಲಿ ಚಕ್ರವರ್ತಿಯ ಶಿರಸ್ತ್ರಾಣದ ತುರಾಯಿಯ ಕೆಳಗೆ, ಕಣ್ಣಿಟ್ಟು ನೋಡಿದರಷ್ಟೇ ಕಾಣುವಂತೆ, ಕ್ರಿಸ್ತ ಎಂಬ ಗ್ರೀಕ್ ಹೆಸರಿನ ಮೊದಲೆರಡು ಅಕ್ಷರಗಳನ್ನು ಹೆಣೆದ ಗುರುತು ಇದೆ. ಅದೇ ವರ್ಷ ರೋಮಿನಲ್ಲಿ ಅವನ ಗೌರವಾರ್ಥ ಎತ್ತಿದ ವಿಜಯದ ಕಮಾನಿನ ಮೇಲೆ ದೈವಪ್ರೇರಣೆಯಿಂದ ಗೆದ್ದನೆಂದು ಬರೆದಿದೆ. ಯಾವ ದೈವವೆಂದು ಹೇಳಿಲ್ಲ, ಸೂರ್ಯನ ಶಿಲ್ಪ ಮಾತ್ರ ಅಲ್ಲಿಯೂ ಇದೆ. 321ರಲ್ಲಿ ವಾರಕ್ಕೊಂದು ದಿನ ನ್ಯಾಯಾಲಯಗಳಿಗೂ ಪಟ್ಟಣದ ಕೆಲಸಗಳಿಗೂ ಬಿಡುವು ಕೊಡುವ ಕಾನೂನನ್ನು ಮಾಡಿದ. ಅದು ನಮ್ಮ ಪ್ರಭುವಿನ ದಿನವೇ ಆದ ಭಾನುವಾರ. ಕಾನೂನಿನಲ್ಲಿ ಅದಕ್ಕೆ ಕೊಟ್ಟ ಹೆಸರು ಸೂರ್ಯನ ದಿನ. ಒಂದೊಂದು ಹೆಜ್ಜೆಯಲ್ಲಿಯೂ ಎರಡು ಮುಖಗಳು. ಆದರೆ 325ರ ಸುಮಾರಿಗೆ ಸೂರ್ಯದೇವತೆ ಅವನ ನಾಣ್ಯಗಳಿಂದ ಇಳಿದುಹೋದ; ಮತ್ತೆ ಏರಲಿಲ್ಲ. ಕಪಟಿಯಾದವನು ಒಂದೇ ದಿನದಲ್ಲಿ ವೇಷ ಬದಲಾಯಿಸುತ್ತಾನೆ. ಹನ್ನೆರಡು ವರ್ಷ ತಡವರಿಸುವವನು ವೇಷಧಾರಿಯಲ್ಲ, ದಾರಿಹೋಕ.

ಅವನ ನಾಣ್ಯಗಳ ಮಾತು ಬಂದುದರಿಂದ, ಅವು ನಮ್ಮ ನಾಡಿನವರೆಗೂ ಬೀರಿದ ಪ್ರಭಾವವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಡಯೋಕ್ಲಿಷಿಯನನ ಕಾಲದಲ್ಲಿ ಒಂದು ರೋಮನ್ ಪೌಂಡು ಬಂಗಾರದಿಂದ 60 ನಾಣ್ಯ ಹೊಡೆಯುತ್ತಿದ್ದರು. ಕಾನ್‌ಸ್ಟಂಟೈನ್ ಅದನ್ನು 72ಕ್ಕೆ ಏರಿಸಿ, ಸುಮಾರು ನಾಲ್ಕೂವರೆ ಗ್ರಾಂ ತೂಕದ ಸೊಲಿಡಸ್ ಎಂಬ ಹೊಸ ನಾಣ್ಯವನ್ನು ಜಾರಿಗೆ ತಂದ. ಸೊಲಿಡಸ್ ಎಂದರೆ ಗಟ್ಟಿಯಾದದ್ದು. ಹೆಸರಿಗೆ ತಕ್ಕಂತೆ ಅದು ಸುಮಾರು 700 ವರ್ಷ ತನ್ನ ತೂಕವನ್ನೂ ಶುದ್ಧಿಯನ್ನೂ ಉಳಿಸಿಕೊಂಡಿತು. ಅದಕ್ಕೂ ಮುಂಚೆ, ಯೇಸುಸ್ವಾಮಿಯವರ ಕಾಲದ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ಮಣ್ಣಿನಿಂದ ಎದ್ದುಬಂದಿವೆ. ಕಾನ್‌ಸ್ಟಂಟೈನನ ಉತ್ತರಾಧಿಕಾರಿಗಳ ಸೊಲಿಡಸ್‌ಗಳು ಹಾನಗಲ್ಲು ಸೀಮೆಯ ಅಕ್ಕಿಆಲೂರಿನ ನಿಧಿಯಲ್ಲಿ ದೊರೆತಿವೆ. ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಹಲವಕ್ಕೆ ತೂತು ಕೊರೆದಿದೆ. ನಮ್ಮ ಹೆಣ್ಣುಮಕ್ಕಳು ಕಾಸಿನ ಸರ ಮಾಡಿಕೊಳ್ಳುವಂತೆ, ಅಂದಿನವರೂ ದೂರದ ಚಕ್ರವರ್ತಿಯ ಮುಖವನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿರಬೇಕು.

ಆರನೆಯ ಶತಮಾನದಲ್ಲಿ ಹಿಂದೂ ಮಹಾಸಾಗರದ ವ್ಯಾಪಾರವನ್ನು ಬಲ್ಲ ಕಾಸ್ಮಾಸ್ ಎಂಬ ಕ್ರೈಸ್ತನು ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಸೋಪತ್ರನೆಂಬ ರೋಮನ್ ವರ್ತಕನೂ ಪಾರಸಿಕನೊಬ್ಬನೂ ಸಿಂಹಳದ ರಾಜನ ಮುಂದೆ ನಿಂತಿದ್ದಾಗ ಪಾರಸಿಕನು ತನ್ನ ಅರಸನ ಹೆಚ್ಚುಗಾರಿಕೆಯನ್ನು ಕೊಚ್ಚಿಕೊಂಡನಂತೆ. ಸೋಪತ್ರನು, ಪ್ರಭುವೇ, ಇಬ್ಬರು ಅರಸರೂ ಇಲ್ಲೇ ಇದ್ದಾರೆ, ನೀನೇ ನೋಡಿಕೋ ಎಂದು ರೋಮಿನ ಬಂಗಾರದ ನಾಣ್ಯವನ್ನೂ ಪಾರಸಿಕರ ಬೆಳ್ಳಿಯ ನಾಣ್ಯವನ್ನೂ ಮುಂದಿಟ್ಟ. ರಾಜ ಬಂಗಾರದ ನಾಣ್ಯವನ್ನು ಮೆಚ್ಚಿದ. ಜಾಣತನದ ಉತ್ತರವೇ ಸರಿ. ಆದರೆ ನಾಣ್ಯದ ಬಂಗಾರದಿಂದ ಅರಸನ ತೂಕವನ್ನು ಅಳೆಯಬಹುದೇ? ಕಾನ್‌ಸ್ಟಂಟೈನನ ಬಂಗಾರ ಮೇಲಿನವರಿಗೆ ಸಮೃದ್ಧಿಯನ್ನೂ ಬಡವರಿಗೆ ಸಂಕಟವನ್ನೂ ತಂದಿತೆಂದು ಅದೇ ನಾಲ್ಕನೆಯ ಶತಮಾನದ ಹೆಸರು ತಿಳಿಯದ ಲೇಖಕನೊಬ್ಬ ದೂರಿದ್ದಾನೆ. ಆ ಬಂಗಾರದ ಒಂದು ಭಾಗ ಹಳೆಯ ಗುಡಿಗಳ ಭಂಡಾರದಿಂದ ಕಿತ್ತು ತಂದದ್ದೆಂಬುದೂ ನಿಜ. ಮಿಲಾನಿನಲ್ಲಿ ಎಲ್ಲರಿಗೂ ಸ್ವಾತಂತ್ರ್ಯವೆಂದವನು ಕೊನೆಯವರೆಗೂ ಆ ಮಾತಿನಂತೆ ಪೂರ್ತಿಯಾಗಿ ನಡೆಯಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಇನ್ನೂ ಕಠಿಣವಾದ ಮಾತೊಂದನ್ನು ಹೇಳಬೇಕಾಗಿದೆ. 324ರಲ್ಲಿ ಅವನು ಲಿಸಿನಿಯಸನನ್ನು ಸೋಲಿಸಿ ಇಡೀ ಸಾಮ್ರಾಜ್ಯಕ್ಕೆ ಒಬ್ಬನೇ ಒಡೆಯನಾದ. ಲಿಸಿನಿಯಸನ ಮಡದಿ ಕಾನ್‌ಸ್ಟಂಟೈನನ ಮಲತಂಗಿ. ಆಕೆ ಅಣ್ಣನ ಬಳಿ ಬೇಡಿಕೊಂಡದ್ದರಿಂದ ಪ್ರಾಣವುಳಿಸುವುದಾಗಿ ಅವನು ಮಾತುಕೊಟ್ಟ. ಆದರೂ ಮರುವರ್ಷ ಭಾವಮೈದುನನನ್ನು ಕೊಲ್ಲಿಸಿದ. 326ರಲ್ಲಿ ತನ್ನ ಹಿರಿಯ ಮಗ, ಸಮುದ್ರಯುದ್ಧವನ್ನು ಗೆದ್ದುಕೊಟ್ಟ ವೀರ ಕ್ರಿಸ್ಪಸನಿಗೆ ಮರಣದಂಡನೆ ವಿಧಿಸಿದ. ಸ್ವಲ್ಪ ಕಾಲದಲ್ಲೇ ರಾಣಿ ಫೌಸ್ತಳೂ ಅವನ ಆಜ್ಞೆಯಿಂದಲೇ ಸತ್ತಳು. ಅವನ ಚರಿತ್ರೆಯನ್ನು ಭಕ್ತಿಯಿಂದ ಬರೆದ ಯುಸೇಬಿಯರು ಆ ಗ್ರಂಥದಲ್ಲಿ ಕ್ರಿಸ್ಪಸನ ಹೆಸರನ್ನು ಕೂಡ ಎತ್ತುವುದಿಲ್ಲ. ಆ ಮೌನವೇ ಸಾಕಷ್ಟು ಹೇಳುತ್ತದೆ.

ಈ ಭೀಕರ ವರ್ಷಗಳಲ್ಲೇ ಹೊಸ ಮಾದರಿಯ ಬಂಗಾರದ ನಾಣ್ಯ ಹೊರಬಂದಿತು. ಅದರಲ್ಲಿ ಸೂರ್ಯನಿಲ್ಲ. ಚಕ್ರವರ್ತಿ ಒಬ್ಬನೇ, ತಲೆಗೆ ರಾಜಪಟ್ಟಿ, ಕತ್ತು ಕೊಂಚ ಹಿಂದಕ್ಕೆ ಬಾಗಿದೆ, ಕಣ್ಣುಗಳು ಮೇಲಕ್ಕೆ ನೆಟ್ಟಿವೆ. ದೇವರಿಗೆ ಪ್ರಾರ್ಥನೆ ಮಾಡುವವನಂತೆ ತನ್ನನ್ನು ನಾಣ್ಯದಲ್ಲಿ ಕೆತ್ತಿಸಿಕೊಂಡನೆಂದು ಯುಸೇಬಿಯರು ಮೆಚ್ಚಿ ಬರೆದಿದ್ದಾರೆ. ಸೂರ್ಯನನ್ನು ಹೆಗಲಿನಿಂದ ಇಳಿಸಿದ್ದಾಯಿತು, ಕಣ್ಣನ್ನು ಸ್ವರ್ಗಕ್ಕೆ ಎತ್ತಿದ್ದಾಯಿತು. ಕೈಗಳು ಮಾತ್ರ ಮಗನ ರಕ್ತದಿಂದ ತೊಯ್ದಿವೆ. ಹೆಗಲ ಹಿಂದೆ ಅನ್ಯದೇವತೆ ನಿಂತಿದ್ದ 313ರ ನಾಣ್ಯಕ್ಕಿಂತ, ಕಣ್ಣನ್ನು ಮೇಲೆತ್ತಿದ ಈ ನಾಣ್ಯವೇ ನಮಗೆ ಹೆಚ್ಚು ಭಯ ಹುಟ್ಟಿಸುತ್ತದೆ. ವಿಗ್ರಹವನ್ನು ನಾಣ್ಯದಿಂದ ತೆಗೆಯುವುದು ಸುಲಭ. ಅಧಿಕಾರ, ಸಂಶಯ, ಕೋಪ ಎಂಬ ಮುಖವಿಲ್ಲದ ವಿಗ್ರಹಗಳನ್ನು ಎದೆಯಿಂದ ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ಇದು ತೋರಿಸುತ್ತದೆ.

ಹಾಗಾದರೆ ದೇವರು ಇಂಥವನನ್ನು ಏಕೆ ಬಳಸಿಕೊಂಡರು? ಇವನೇ 325ರಲ್ಲಿ ನೈಸಿಯ ನಗರದಲ್ಲಿ ಜಗತ್ತಿನ ಧರ್ಮಾಧ್ಯಕ್ಷರನ್ನು ಮೊದಲ ಮಹಾಸಭೆಗೆ ಕರೆದವನು. ಹಿಂಸೆಯ ಕಾಲದಲ್ಲಿ ಕಣ್ಣು ಕಳೆದುಕೊಂಡವರು, ಮೈಯಲ್ಲಿ ಗಾಯದ ಕಲೆಗಳನ್ನು ಹೊತ್ತವರು ಆ ಸಭೆಗೆ ಬಂದಿದ್ದರು. 2025ರಲ್ಲಿ ಆ ಮಹಾಸಭೆಗೆ 1700 ವರ್ಷ ತುಂಬಿತು. ನಾವು ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ಎದ್ದುನಿಂತು ಹೇಳುವ ವಿಶ್ವಾಸಸೂತ್ರಕ್ಕೆ ಅಲ್ಲಿಯೇ ಬುನಾದಿ ಬಿದ್ದಿತು. ಕ್ರಿಸ್ತರು ಬೆಳಕಿನಿಂದಲೇ ಉದಿಸಿದ ಬೆಳಕೆಂದು ಆ ಪಿತೃಗಳು ಅಲ್ಲಿ ಘೋಷಿಸಿದರು. ಸೂರ್ಯನನ್ನು ಹೆಗಲ ಮೇಲೆ ಹೊತ್ತಿದ್ದ ಚಕ್ರವರ್ತಿ ಆ ಮಾತನ್ನು ಕೇಳುತ್ತ ಕುಳಿತಿದ್ದನೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅವನು ಬಾಲ್ಯದಿಂದ ಹುಡುಕುತ್ತಿದ್ದ ಬೆಳಕಿಗೆ ಧರ್ಮಸಭೆ ಅಂದು ಸರಿಯಾದ ಹೆಸರನ್ನು ಹೇಳಿಕೊಟ್ಟಿತು.

ಧರ್ಮಸಭೆಯು ಸೂರ್ಯನನ್ನು ಕಂಡು ಹೆದರಿದುದೂ ಇಲ್ಲ. ರೋಮಿನ ಸಂತ ಪೇತ್ರರ ಮಹಾದೇವಾಲಯದ ನೆಲದಡಿಯಲ್ಲಿ, 1940ರ ದಶಕದ ಉತ್ಖನನದಲ್ಲಿ, ಪುಟ್ಟ ಸಮಾಧಿಮಂದಿರವೊಂದು ಬೆಳಕಿಗೆ ಬಂತು. ಅದರ ಚಾವಣಿಯಲ್ಲಿ ಬಣ್ಣದ ಹರಳುಕಲ್ಲುಗಳಿಂದ ಮಾಡಿದ ಚಿತ್ರವಿದೆ: ಸುತ್ತಲೂ ದ್ರಾಕ್ಷಿಯ ಬಳ್ಳಿ, ನಡುವೆ ಬಿಳಿಯ ಕುದುರೆಗಳ ರಥ, ರಥದಲ್ಲಿ ಕಿರಣಗಳನ್ನು ಬೀರುತ್ತ ನಿಂತ ಯುವಕ. ಅದು ಸೂರ್ಯದೇವತೆಯಲ್ಲ, ಮೃತ್ಯುವಿನ ರಾತ್ರಿಯನ್ನು ಗೆದ್ದು ಉದಯಿಸಿದ ಕ್ರಿಸ್ತರು. ಪ್ರವಾದಿ ಮಲಾಕಿಯನು ನೀತಿಯನ್ನು ಸೂರ್ಯನಿಗೆ ಹೋಲಿಸಿ ಮುಂದಾಗಿ ನುಡಿದದ್ದನ್ನು ಕಡುಬಡ ಕ್ರೈಸ್ತರೂ ಮರೆತಿರಲಿಲ್ಲ. ಚಕ್ರವರ್ತಿಯು ಸೂರ್ಯನನ್ನು ತನ್ನ ಬೆನ್ನಿಗೆ ನಿಲ್ಲಿಸಿಕೊಂಡ. ಆ ಕ್ರೈಸ್ತರು ನಿಜವಾದ ಸೂರ್ಯನ ಮುಂದೆ ತಾವು ನಿಂತರು. ವ್ಯತ್ಯಾಸ ಇಷ್ಟೇ, ಆದರೆ ಇದು ಭೂಮಿಗೂ ಆಕಾಶಕ್ಕೂ ಇರುವಷ್ಟು ವ್ಯತ್ಯಾಸ.

ಆ ವ್ಯತ್ಯಾಸವನ್ನು ದಾಟಲು ಕಾನ್‌ಸ್ಟಂಟೈನನಿಗೆ ಬಾಳಿನ ಕೊನೆಯ ದಿನಗಳು ಬೇಕಾದವು. ರೋಮಿನಲ್ಲಿ ಜಗದ್ಗುರು ಸಂತ ಸಿಲ್ವೆಸ್ಟರರು ಅವನಿಗೆ ಜ್ಞಾನಸ್ನಾನ ಕೊಟ್ಟರೆಂದೂ, ಅದರಿಂದ ಅವನ ಕುಷ್ಠವು ವಾಸಿಯಾಯಿತೆಂದೂ ನಮ್ಮಲ್ಲಿ ಅನೇಕರು ಹಿರಿಯರಿಂದ ಕೇಳಿದ್ದೇವೆ. ಅದು ನಂತರ ಬೆಳೆದುಬಂದ ಐತಿಹ್ಯ. ಸಮಕಾಲೀನರ ಸಾಕ್ಷ್ಯ ಬೇರೆ. 337ರಲ್ಲಿ ರೋಗದಿಂದ ಬಳಲಿ, ಸಾವು ಸಮೀಪಿಸಿತೆಂದು ತಿಳಿದಾಗ, ನಿಕೊಮೇಡಿಯದ ಹತ್ತಿರದ ಬಿಡಾರದಲ್ಲಿ ಅವನು ಧರ್ಮಾಧ್ಯಕ್ಷರನ್ನು ಕರೆಸಿಕೊಂಡ. ಯೇಸುಸ್ವಾಮಿಯವರು ಇಳಿದ ಯೊರ್ದಾನ್ ನದಿಯಲ್ಲಿಯೇ ಜ್ಞಾನಸ್ನಾನ ಪಡೆಯಬೇಕೆಂಬ ಆಸೆಯಿತ್ತು, ದೇವರ ಚಿತ್ತ ಬೇರೆಯಾಯಿತು ಎಂದ. ನಿಕೊಮೇಡಿಯದ ಧರ್ಮಾಧ್ಯಕ್ಷ, ಚರಿತ್ರಕಾರನದೇ ಹೆಸರಿನ ಬೇರೊಬ್ಬ ಯುಸೇಬಿಯರು, ಅವನಿಗೆ ಜ್ಞಾನಸ್ನಾನ ನೀಡಿದರು. ಅದಾದ ಮೇಲೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ನೇರಳೆ ಉಡುಪನ್ನು ಮತ್ತೆ ಮುಟ್ಟಲಿಲ್ಲ. ಜ್ಞಾನಸ್ನಾನದ ಬಿಳಿಯ ಬಟ್ಟೆಯಲ್ಲಿಯೇ, ಮೇ 22ರಂದು, ಪವಿತ್ರಾತ್ಮರ ಆಗಮನದ ಹಬ್ಬದ ದಿನ ಪ್ರಾಣಬಿಟ್ಟ. ಆ ಬಿಳಿಯ ಬಟ್ಟೆಯಲ್ಲಿ ಮಲಗಿದ್ದವನ ಮುಖವನ್ನು ಯಾರೂ ನಾಣ್ಯದ ಮೇಲೆ ಕೆತ್ತಲಿಲ್ಲ. ಅವನ ಮುಖಗಳಲ್ಲೆಲ್ಲ ನಾವು ಕಾಣಬಯಸುವುದು ಅದನ್ನೇ.

ಪೂರ್ವದ ಕ್ರೈಸ್ತರು ಮೇ 21ರಂದು ತಾಯಿ ಮಗ ಇಬ್ಬರನ್ನೂ ಸಂತರೆಂದು ಸ್ಮರಿಸುತ್ತಾರೆ. ನಮ್ಮ ಲ್ಯಾಟಿನ್ ಪದ್ಧತಿಯಲ್ಲಿ ಆಗಸ್ಟ್ 18ರಂದು ಸಂತ ಹೆಲೆನಾಳನ್ನು ಸ್ಮರಿಸುತ್ತೇವೆ, ಮಗನಿಗೆ ಹಬ್ಬವಿಲ್ಲ. ಆದರೆ ಅವನ ಕೊಡುಗೆಯನ್ನು ಮರೆತಿಲ್ಲ. ಪ್ರತಿ ನವೆಂಬರ್ 9ರಂದು ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠೆಯ ಹಬ್ಬವನ್ನು ನಾವೂ ಆಚರಿಸುತ್ತೇವಲ್ಲವೇ? ರೋಮಿನ ಧರ್ಮಾಧ್ಯಕ್ಷರಿಗೆ ಅದನ್ನು ಕಟ್ಟಿಸಿಕೊಟ್ಟವನು ಇವನೇ. ಅದರ ಮುಂದೆ ನಮ್ಮ ದೇವಾಲಯ ಮೊಮ್ಮಗಳಂತೆ ಚಿಕ್ಕದು.

ಪ್ರಿಯರೇ, ನೂರು ವರ್ಷದ ಹಬ್ಬದಲ್ಲಿ ಹಿಂದಿನವರನ್ನು ಹೊಗಳುವುದು ಸಹಜ. ಅವರೆಲ್ಲ ಭಕ್ತರು, ನಾವು ಮಾತ್ರ ಬಡಕಲಾದವರು ಎಂದುಕೊಳ್ಳುವುದೂ ಸಹಜ. ಅಥವಾ ಇದಕ್ಕೆ ವಿರುದ್ಧವಾಗಿ, ಅವರಿಗೆ ಏನು ತಿಳಿದಿತ್ತು, ಅರೆಬರೆ ವಿಶ್ವಾಸದವರು ಎಂದು ತಾತ್ಸಾರಮಾಡುವವರೂ ಉಂಟು. ಈ ಎರಡೂ ತಪ್ಪುಗಳಿಂದ ಆ ಬಂಗಾರದ ನಾಣ್ಯ ನಮ್ಮನ್ನು ಕಾಪಾಡಲಿ. ದೇವಾಲಯದ ಜ್ಞಾನಸ್ನಾನದ ದಾಖಲೆಯ ಪುಸ್ತಕದಲ್ಲಿ ಒಂದು ತಾರೀಕು ಇರುತ್ತದೆ; ಹೃದಯ ತಿರುಗಿದ ತಾರೀಕು ಅಲ್ಲಿ ಇರುವುದಿಲ್ಲ. ಅದು ಕೆಲವರಿಗೆ ಹನ್ನೆರಡು ವರ್ಷ, ಕೆಲವರಿಗೆ ಐವತ್ತು ವರ್ಷ ಹಿಡಿಯುತ್ತದೆ. ಹೊಸದಾಗಿ ವಿಶ್ವಾಸಕ್ಕೆ ಬಂದ ನೆರೆಯವನ ಹೆಗಲ ಹಿಂದೆ ಹಳೆಯ ಮುಖವಿನ್ನೂ ಇಣುಕುತ್ತಿದ್ದರೆ ಕಲ್ಲೆಸೆಯುವ ಮುನ್ನ, ಹುಟ್ಟಿದ ಎಂಟು ಹತ್ತು ದಿನಗಳಲ್ಲೇ ಜ್ಞಾನಸ್ನಾನ ಪಡೆದ ನಮ್ಮ ಹೆಗಲ ಹಿಂದೆ ಯಾರ ಮುಖವಿದೆ ಎಂದು ತಿರುಗಿ ನೋಡಿಕೊಳ್ಳೋಣ. ಹಣದ ಮುಖವೇ? ಜಾತಿಯ ಮುಖವೇ? ಸಹೋದರನೊಡನೆ ಮಾತುಬಿಟ್ಟ ಹಳೆಯ ಜಗಳದ ಮುಖವೇ? ನಮ್ಮದು ನಾಣ್ಯದಲ್ಲಿ ಅಚ್ಚಾಗಿಲ್ಲವೆಂಬುದಷ್ಟೇ ನಮ್ಮ ಪುಣ್ಯ.

ನಾಣ್ಯಕ್ಕೆ ಸುತ್ತಿಗೆಯ ಏಟು ಒಂದೇ ಕ್ಷಣದಲ್ಲಿ ಬೀಳುತ್ತದೆ, ಮುಖ ಮೂಡುತ್ತದೆ. ಜ್ಞಾನಸ್ನಾನದಲ್ಲಿಯೂ ದೇವರು ನಮ್ಮ ಆತ್ಮಕ್ಕೆ ಅಳಿಸಲಾಗದ ಮುದ್ರೆಯನ್ನು ಒಂದೇ ಕ್ಷಣದಲ್ಲಿ ಒತ್ತುತ್ತಾರೆ. ಆದರೆ ಆ ಮುದ್ರೆಗೆ ತಕ್ಕ ಮುಖವನ್ನು ನಮ್ಮಲ್ಲಿ ಮೂಡಿಸಲು ಅವರು ಸುತ್ತಿಗೆಯನ್ನು ಬಳಸುವುದಿಲ್ಲ. ಕಾಯುತ್ತಾರೆ.

ಕೊನೆಗೊಂದು ಮಾತು. ಕಾನ್‌ಸ್ಟಂಟೈನ್ ಸತ್ತ ಮೇಲೆ ಅವನ ಮಕ್ಕಳು ತಂದೆಯ ನೆನಪಿಗೆ ನಾಣ್ಯ ಹೊರಡಿಸಿದರು. ಅದರ ಒಂದು ಬದಿಯಲ್ಲಿ ತಲೆಗೆ ಮುಸುಕು ಹೊದೆದ ಚಕ್ರವರ್ತಿ. ಇನ್ನೊಂದು ಬದಿಯಲ್ಲಿ ನಾಲ್ಕು ಕುದುರೆಗಳ ರಥ. ಹೌದು, ಸುಮಾರು ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನ ಗುರಾಣಿಯ ಮೇಲಿದ್ದ ರಥದಂಥದ್ದೇ ರಥ. ಆದರೆ ಈಗ ಅದರಲ್ಲಿರುವವನು ಸೂರ್ಯದೇವತೆಯಲ್ಲ, ದೇವತೆಯ ಬಿರುದನ್ನು ಧರಿಸಿದ ಅಜೇಯನೂ ಅಲ್ಲ. ಮೇಲಕ್ಕೆ ಕೈ ಚಾಚಿದ ಒಬ್ಬ ಮುದುಕ. ಆಕಾಶದಿಂದ ಒಂದು ಕೈ ಕೆಳಗೆ ಬಂದು ಅವನನ್ನು ಎತ್ತಿಕೊಳ್ಳುತ್ತಿದೆ. ಯುಸೇಬಿಯರೂ ಈ ನಾಣ್ಯವನ್ನು ವರ್ಣಿಸಿದ್ದಾರೆ.

ಈ ದೇವಾಲಯದಲ್ಲಿ ನೂರು ವರ್ಷಗಳಿಂದ ಜ್ಞಾನಸ್ನಾನ ಪಡೆದವರೂ, ಇದರ ಸ್ಮಶಾನದಲ್ಲಿ ಮಲಗಿದವರೂ, ಇಂದು ಇಲ್ಲಿ ಕುಳಿತಿರುವ ನಾವೂ ನಂಬಿಕೊಂಡಿರುವುದು ಆ ಕೈಯನ್ನೇ. ಅದು ನಮ್ಮೆಲ್ಲರನ್ನೂ ಮುಟ್ಟಲಿ ಎಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.